ಕ್ಯಾಬ್ರಾದ ಹುಡುಗ ಲಿಯಮ್ ವೀಲನ್

ಡಬ್ಲಿನ್ ನಗರದ ಕ್ಯಾಬ್ರಾ ಬಡಾವಣೆಯಲ್ಲೊಂದು ರೈಲ್ವೆ ಸೇತುವೆ. ಅದಕ್ಕೆ ಆ ಬೀದಿಗಳಲ್ಲೇ ಬೆಳೆದ ಫುಟ್‌ಬಾಲ್ ಆಟಗಾರನೊಬ್ಬನ ಹೆಸರಿದೆ. ಇಂಗ್ಲೆಂಡಿನವರು ಅವನನ್ನು ಬಿಲ್ಲಿ ಎನ್ನುತ್ತಿದ್ದರು. ಸೇತುವೆಗೆ ಇಟ್ಟದ್ದು ಮಾತ್ರ ಮನೆಯವರು ಕೂಗಿ ಕರೆಯುತ್ತಿದ್ದ ಹೆಸರು: ಲಿಯಮ್ ವೀಲನ್.

ಹುಟ್ಟಿದ್ದು 1935ರ ಏಪ್ರಿಲ್ 1ರಂದು. ಆಟದಲ್ಲಿ ಪಳಗಿದ್ದು ಹೋಮ್ ಫಾರ್ಮ್ ಕ್ಲಬ್ಬಿನಲ್ಲಿ. 1928ರಲ್ಲಿ ಆರಂಭವಾದ ಈ ಕ್ಲಬ್ಬು ಎಳೆಯ ಆಟಗಾರರನ್ನು ತಿದ್ದುವುದರಲ್ಲೇ ಹೆಸರು ಮಾಡಿತು. 1953ರಲ್ಲಿ ಇಂಗ್ಲೆಂಡಿನ ಯೂತ್ ಕಪ್ ಫೈನಲ್ ಹತ್ತಿರವಾದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಒಬ್ಬ ಹುಡುಗ ಗಾಯಗೊಂಡ. ಆ ಜಾಗಕ್ಕೆ ಕರೆ ಬಂದದ್ದು ಹದಿನೆಂಟರ ಲಿಯಮ್‌ಗೆ. ವುಲ್ವ್ಸ್ ವಿರುದ್ಧದ ಆ ಫೈನಲ್ಲನ್ನು ಯುನೈಟೆಡ್ ಎರಡು ಪಂದ್ಯ ಸೇರಿ 9-3ರಿಂದ ಗೆದ್ದಿತು. ಮ್ಯಾನೇಜರ್ ಮ್ಯಾಟ್ ಬಸ್ಬಿ ಕಟ್ಟುತ್ತಿದ್ದ ಎಳೆಯರ ತಂಡದಲ್ಲಿ ಹೋಮ್ ಫಾರ್ಮ್‌ನ ಹುಡುಗನಿಗೂ ನೆಲೆ ಸಿಕ್ಕಿತು.

ಅವನ ಕಾಲಿನಲ್ಲಿ ಮಿಂಚಿನ ವೇಗವಿರಲಿಲ್ಲ, ಚೆಂಡಿನ ಮೇಲೆ ಹಿಡಿತವಿತ್ತು. 1956-57ರ ಲೀಗ್‌ನಲ್ಲಿ 26 ಗೋಲು ಹೊಡೆದು, ಚಾಂಪಿಯನ್ ಆದ ಯುನೈಟೆಡ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ. ಅದೇ ಋತುವಿನ ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್, ಸ್ಪೇನಿನ ಬಿಲ್ಬಾವೊದಲ್ಲಿ. ಮೈದಾನವೆಲ್ಲ ಹಿಮ, ಕೆಸರು. ಯುನೈಟೆಡ್ 5-2ರಿಂದ ಸೋಲುತ್ತಿತ್ತು. ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಲಿಯಮ್ ತನ್ನ ಪಾಳೆಯದಲ್ಲೇ ಚೆಂಡು ಹಿಡಿದು ಹೊರಟ. ಕಾಲು ಹೂಳುವ ಆ ನೆಲದಲ್ಲಿ ಎದುರಾದವರನ್ನು ಒಬ್ಬೊಬ್ಬರಾಗಿ ದಾಟಿ, ಚೆಂಡನ್ನು ಬಲೆಗೆ ಸೇರಿಸಿಬಿಟ್ಟ. ತವರಿನ ಪಂದ್ಯವನ್ನು ಯುನೈಟೆಡ್ 3-0ರಿಂದ ಗೆದ್ದಾಗ ಒಟ್ಟು ಲೆಕ್ಕ 6-5 ಆಯಿತು. ಹಿಮದಲ್ಲಿ ಹೊಡೆದ ಆ ಗೋಲೇ ಕೊನೆಗೆ ತಂಡವನ್ನು ದಾಟಿಸಿತ್ತು. ಆ ಗೆಲುವಿನ ದಿನ 1957ರ ಫೆಬ್ರವರಿ 6.

ಐರ್ಲೆಂಡ್ ಪರ ಅವನು ಆಡಿದ್ದು ನಾಲ್ಕೇ ಪಂದ್ಯ. 1957ರ ಮೇ 19ರಂದು ಇಂಗ್ಲೆಂಡನ್ನು ಎದುರಿಸಿದ ಡೇಲಿಮೌಂಟ್ ಪಾರ್ಕ್, ಕ್ಯಾಬ್ರಾದ ಮಗ್ಗುಲಲ್ಲೇ ಇದೆ. ಇಂಗ್ಲೆಂಡ್ ಕೊನೆಗಳಿಗೆಯಲ್ಲಿ ಗೋಲು ಹೊಡೆದು 1-1ರ ಸಮ ಮಾಡಿಕೊಂಡಿತು.

ಆ ವರ್ಷದ ಕೊನೆಗೆ ತಂಡದಲ್ಲಿ ಅವನ ಜಾಗ ಬಾಬಿ ಚಾರ್ಲ್‌ಟನ್ ಎಂಬ ತರುಣನಿಗೆ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಯುರೋಪಿಯನ್ ಕಪ್ ಪಂದ್ಯಕ್ಕೆ ಬೆಲ್‌ಗ್ರೇಡ್‌ಗೆ ಲಿಯಮ್ ಹೋದದ್ದು ಮೀಸಲು ಆಟಗಾರನಾಗಿ, ಅಂಗಳಕ್ಕಿಳಿಯಲಿಲ್ಲ. ಮರಳುವಾಗ ಇಂಧನಕ್ಕೆಂದು ಮ್ಯೂನಿಕ್‌ನಲ್ಲಿ ಇಳಿದ ವಿಮಾನ, ಕರಗಿದ ಹಿಮ ತುಂಬಿದ ರನ್‌ವೇಯಿಂದ ಮೂರನೆಯ ಯತ್ನದಲ್ಲೂ ಮೇಲೇಳದೆ ಅಪಘಾತಕ್ಕೀಡಾಯಿತು. ಬಿಲ್ಬಾವೊ ತಂಡದ ಮೇಲಿನ ಗೆಲುವಿಗೆ ಅಂದಿಗೆ ಸರಿಯಾಗಿ ಒಂದು ವರ್ಷ. ತೀರಿಕೊಂಡ 23 ಮಂದಿಯಲ್ಲಿ ಎಂಟು ಜನ ಆಟಗಾರರು. ಲಿಯಮ್‌ಗೆ ವಯಸ್ಸು 22. ಯುನೈಟೆಡ್‌ಗೆ 98 ಪಂದ್ಯ ಆಡಿ 52 ಗೋಲು ಕೊಟ್ಟಿದ್ದ. ಡಬ್ಲಿನ್‌ನ ಗ್ಲಾಸ್‌ನೆವಿನ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು.

2006ರ ಡಿಸೆಂಬರ್‌ನಲ್ಲಿ ಕ್ಯಾಬ್ರಾದ ಸೇತುವೆಗೆ ಅವನ ಹೆಸರಿಟ್ಟಾಗ ಫಲಕ ಅನಾವರಣಕ್ಕೆ ಬಂದವರು ಅದೇ ಚಾರ್ಲ್‌ಟನ್. ಆ ವಿಮಾನದಲ್ಲಿದ್ದು ಬದುಕಿ ಉಳಿದವರು, ಆಗ ಅವರಿಗೆ ಅರವತ್ತೊಂಬತ್ತು. ತನಗೆ ಜಾಗ ಬಿಟ್ಟುಕೊಟ್ಟ ಗೆಳೆಯನ ಹೆಸರನ್ನು ಅವನ ಊರಿನವರೆದುರು ತೆರೆದಿಟ್ಟರು. ಮಕ್ಕಳನ್ನು ಆಟಕ್ಕೆ ಸಿದ್ಧಪಡಿಸುವ ಯಾವ ಕ್ಲಬ್ಬಿಗೂ ಇದಕ್ಕಿಂತ ದೊಡ್ಡ ಕಪ್ ಬೇಕಿಲ್ಲ.