ಮೊಟ್ಟೆಯ ಮೇಲೆ ಕಾದಿಟ್ಟ ಮುಖ

ಸರ್ಕಸ್ಸಿನ ಜೋಕರ್‌ಗೆ ಎಲ್ಲಿಯ ಕಟ್ಟುಪಾಡು ಎಂದು ನಮಗನ್ನಿಸುವುದು ಸಹಜ. ಆದರೆ ಪಾಶ್ಚಾತ್ಯ ದೇಶಗಳ ವಿದೂಷಕರಲ್ಲಿ ಬಲವಾದ ನಿಯಮವೊಂದಿದೆ: ಒಬ್ಬನ ಮುಖವನ್ನು ಇನ್ನೊಬ್ಬ ಕದಿಯಬಾರದು.

ಇಲ್ಲಿ ಮುಖವೆಂದರೆ ಬಣ್ಣದ ಮುಖ. ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿ (1778–1837) ಬಿಳಿ ಬಳಿದು, ಕೆನ್ನೆಗೆ ಕೆಂಪು ಗುರುತು ಹಾಕಿ ಜನರನ್ನು ನಗಿಸಿದ. ಅವನ ತರುವಾಯ ವಿದೂಷಕರಿಗೆಲ್ಲ ‘ಜೋಯಿ’ ಎಂಬ ಅವನ ಹೆಸರೇ ಅಂಟಿಕೊಂಡಿತು. ಎಲ್ಲರೂ ಬಿಳಿ ಬಳಿದರೆ ಗುರುತು ಹಿಡಿಯುವುದು ಹೇಗೆ? ಹುಬ್ಬಿನ ಗೆರೆ, ತುಟಿಯ ಕೊಂಕು, ಮೂಗಿನ ಬಣ್ಣಗಳಿಂದಲೇ. ಕಲಾವಿದನೊಬ್ಬ ವರ್ಷಗಟ್ಟಲೆ ತಿದ್ದಿ ರೂಪಿಸಿಕೊಂಡ ಆ ಮುಖವೇ ಅವನ ಅನ್ನದ ದಾರಿ.

ಇದಕ್ಕೆ ಕಾನೂನಿನ ರಕ್ಷಣೆ ಇದೆಯೇ? ಪಾಪ್ ಗಾಯಕ ಆಡಂ ಆಂಟ್‌ನ ಮುಖವರ್ಣಿಕೆಯ ಬಗ್ಗೆ 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ನೀಡಿದ ತೀರ್ಪು ಕುತೂಹಲಕರ. ಮುಖದ ಮೇಲಿನ ಬಣ್ಣ ‘ವರ್ಣಚಿತ್ರ’ವಲ್ಲ, ಆದ್ದರಿಂದ ಅದಕ್ಕೆ ಕೃತಿಸ್ವಾಮ್ಯ ಸಲ್ಲದು ಎಂದಿತು ನ್ಯಾಯಾಲಯ.

ವಿದೂಷಕರು ಬೇರೊಂದು ದಾರಿಯನ್ನು ಅದಕ್ಕೂ ಮೊದಲೇ ಕಂಡುಕೊಂಡಿದ್ದರು. 1946ರಲ್ಲಿ ಸ್ಟ್ಯಾನ್ ಬುಲ್ಟ್ ಎಂಬ ಸರ್ಕಸ್ ಪ್ರೇಮಿ, ಒಳಗಿನದನ್ನು ತೆಗೆದ ಕೋಳಿಮೊಟ್ಟೆಗಳ ಮೇಲೆ ವಿದೂಷಕರ ಮುಖಗಳನ್ನು ಚಿತ್ರಿಸತೊಡಗಿದ. ಹವ್ಯಾಸವಾಗಿ ಆರಂಭವಾದದ್ದು ಕ್ರಮೇಣ ದಾಖಲೆಯಾಯಿತು. ಆತನ ಮೊಟ್ಟೆಗಳಲ್ಲಿ ಹಲವು ಒಡೆದು ಹಾಳಾದವು. 1984ರಲ್ಲಿ ಈ ಕೆಲಸಕ್ಕೆ ಮರುಜೀವ ಬಂದಾಗ ಪಿಂಗಾಣಿ ಮೊಟ್ಟೆಗಳು ಬಳಕೆಗೆ ಬಂದವು. ಈ ಮೊಟ್ಟೆಗಳು ನ್ಯಾಯಾಲಯದ ಪತ್ರಗಳೇನಲ್ಲ. ಇವುಗಳಿಂದ ಬಗೆಹರಿದ ಜಗಳಗಳಿಗಿಂತ, ಕಸಬಿನವರಿಗೆ ದೊರೆತ ಮನ್ನಣೆ ಮತ್ತು ಸಂಘದ ಭಾವನೆಯೇ ದೊಡ್ಡದೆಂದು ಅಮೆರಿಕದ ಇಬ್ಬರು ಕಾನೂನು ವಿದ್ವಾಂಸರು 2019ರ ಪ್ರಬಂಧವೊಂದರಲ್ಲಿ ತೋರಿಸಿದ್ದಾರೆ. ಸಹೋದ್ಯೋಗಿಗಳ ಎದುರು ಮಾನ ಕಳೆದುಕೊಳ್ಳುವ ಅಂಜಿಕೆಯೇ ಇಲ್ಲಿನ ಕಾನೂನು.

ನಡತೆಯ ಇತರ ನಿಯಮಗಳಿಗೂ ಇದೇ ಆಧಾರ. ‘ಕ್ಲೌನ್ಸ್ ಆಫ್ ಅಮೆರಿಕ ಇಂಟರ್‌ನ್ಯಾಷನಲ್’ ಸಂಘದ ಎಂಟು ಕಟ್ಟಳೆಗಳ ಪ್ರಕಾರ ವೇಷದಲ್ಲಿರುವಾಗ ಕುಡಿಯಬಾರದು, ಸಿಗರೇಟು ಸೇದಬಾರದು. ಪ್ರದರ್ಶನ ಮುಗಿದೊಡನೆ ಆದಷ್ಟು ಬೇಗ ಬಣ್ಣ ಕಳಚಬೇಕು. ವೇಷದಲ್ಲಿ ಒಬ್ಬ ತಪ್ಪಿ ನಡೆದರೆ ಕಳಂಕ ಎಲ್ಲರಿಗೂ. 2016ರಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಕಿಡಿಗೇಡಿಗಳು ಇದೇ ವೇಷ ತೊಟ್ಟು ಜನರನ್ನು ಹೆದರಿಸಿದಾಗ, ಅದರ ಪೆಟ್ಟು ಬಿದ್ದದ್ದು ನಗಿಸಿ ಬದುಕುವವರ ಮೇಲೆ.

ಎಲ್ಲಕ್ಕಿಂತ ಸೂಕ್ಷ್ಮವಾದ ನಿಯಮವಿರುವುದು ಆಸ್ಪತ್ರೆಗಳಲ್ಲಿ. ಬಿಗ್ ಆ್ಯಪಲ್ ಸರ್ಕಸ್ಸಿನ ಮೈಕೇಲ್ ಕ್ರಿಸ್ಟೆನ್‌ಸನ್ 1986ರಲ್ಲಿ ನ್ಯೂಯಾರ್ಕಿನಲ್ಲಿ ರೋಗಪೀಡಿತ ಮಕ್ಕಳನ್ನು ನಗಿಸುವ ಯೋಜನೆ ಆರಂಭಿಸಿದರು. ಇಂದು ಹಲವು ದೇಶಗಳಲ್ಲಿರುವ ಇಂಥ ವಿದೂಷಕರು ಮೊದಲು ಬಾಗಿಲಲ್ಲಿ ನಿಂತು ಮಗುವಿನ ಅಪ್ಪಣೆ ಕೇಳುತ್ತಾರೆ. ಸೂಜಿಯನ್ನಾಗಲಿ ಔಷಧಿಯನ್ನಾಗಲಿ ಬೇಡವೆನ್ನುವ ಅಧಿಕಾರ ಆ ಮಗುವಿಗಿಲ್ಲ. ವಿದೂಷಕನನ್ನು ಮಾತ್ರ ಅದು ಬೇಡವೆನ್ನಬಹುದು. ಬೇಡವೆಂದರೆ ಆತ ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ.