ಇಟಲಿಯ ಪುನರುಜ್ಜೀವನ ಕಾಲದಲ್ಲಿ ಮಹಿಳೆಯರ ಜೀವನ ಮತ್ತು ಶಿಕ್ಷಣ

ಸುಮಾರು 14ನೆಯ ಶತಮಾನದಿಂದ 16ನೆಯ ಶತಮಾನದವರೆಗೆ ಯೂರೋಪಿನಲ್ಲಿ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ವಿದ್ಯೆಗಳಿಗೆ ಹೊಸ ಜೀವ ಬಂದ ಅವಧಿಯನ್ನು ಪುನರುಜ್ಜೀವನ ಕಾಲ ಅಥವಾ ರಿನೈಸಾನ್ಸ್ ಎಂದು ಕರೆಯಲಾಗುತ್ತದೆ. ಇದು ಮೊದಲು ಕಾಣಿಸಿಕೊಂಡದ್ದು ಇಟಲಿಯ ನಗರಗಳಲ್ಲಿ. ಅಲ್ಲಿನ ಕೆಲವು ಪ್ರತಿಷ್ಠಿತ ಮನೆತನಗಳ ಹೆಣ್ಣುಮಕ್ಕಳಿಗೆ ಈ ಕಾಲದಲ್ಲಿ ಉನ್ನತ ವಿದ್ಯಾಭ್ಯಾಸದ ಅವಕಾಶ ದೊರೆಯಿತು. ಆದರೆ ಕಲಿತ ವಿದ್ಯೆಯನ್ನು ಬಳಸಬಹುದಾಗಿದ್ದ ನ್ಯಾಯಾಲಯ, ಆಡಳಿತ ಮತ್ತು ವಿಶ್ವವಿದ್ಯಾಲಯಗಳು ಅವರ ಪಾಲಿಗೆ ಮುಚ್ಚಿಯೇ ಇದ್ದವು.

ಸಾಮಾಜಿಕ ಸ್ಥಿತಿ

ಸ್ಥಿತಿವಂತ ಕುಟುಂಬದ ಹೆಣ್ಣಿಗೆ ಸಾಮಾನ್ಯವಾಗಿ ಎರಡೇ ದಾರಿಗಳಿದ್ದವು: ವಿವಾಹ ಅಥವಾ ಕ್ರೈಸ್ತ ಸನ್ಯಾಸಿನಿಯರ ಮಠ. ಫ್ಲಾರೆನ್ಸ್ ನಗರದಲ್ಲಿ ಇಪ್ಪತ್ತು ತುಂಬುವ ಮೊದಲೇ ಹುಡುಗಿಯರ ಮದುವೆಯಾಗುತ್ತಿತ್ತು. ವರನಿಗೆ ಹೆಚ್ಚಾಗಿ ಮೂವತ್ತರ ಆಸುಪಾಸಿನ ವಯಸ್ಸು. ವರದಕ್ಷಿಣೆ ಕುಟುಂಬಗಳಿಗೆ ದೊಡ್ಡ ಹೊರೆಯಾಗಿತ್ತು. ಇದಕ್ಕಾಗಿಯೇ ಫ್ಲಾರೆನ್ಸಿನ ಸರ್ಕಾರ 1425ರಲ್ಲಿ 'ಮೊಂತೆ ದೆಲ್ಲೆ ದೋತಿ' ಎಂಬ ವರದಕ್ಷಿಣೆ ನಿಧಿಯನ್ನು ಸ್ಥಾಪಿಸಿತು. ಮಗಳು ಚಿಕ್ಕವಳಿದ್ದಾಗ ತಂದೆ ಇಟ್ಟ ಠೇವಣಿಯು ಬೆಳೆದು, ವಿವಾಹದ ನಂತರ ಅಳಿಯನಿಗೆ ಸಂದಾಯವಾಗುತ್ತಿತ್ತು. ಮಠಕ್ಕೆ ಕೊಡಬೇಕಾದ ಮೊತ್ತ ಇದಕ್ಕಿಂತ ಕಡಿಮೆ ಇದ್ದುದರಿಂದ, ಹಲವು ಹೆಣ್ಣುಮಕ್ಕಳಿದ್ದ ಕುಟುಂಬಗಳು ಕೆಲವರನ್ನು ಮಠಕ್ಕೆ ಸೇರಿಸುತ್ತಿದ್ದವು. ಬಡ ಮಹಿಳೆಯರು ಮನೆಗೆಲಸ, ನೂಲುವಿಕೆ, ರೇಷ್ಮೆ ನೇಯ್ಗೆ ಮತ್ತು ಇತರರ ಶಿಶುಗಳಿಗೆ ಹಾಲುಣಿಸುವ ದಾದಿಯ ಕೆಲಸದಿಂದ ಜೀವನ ಸಾಗಿಸುತ್ತಿದ್ದರು.

ಶಿಕ್ಷಣದ ಸ್ವರೂಪ

ಬಹುಪಾಲು ಹುಡುಗಿಯರ ಕಲಿಕೆಯು ಹೊಲಿಗೆ, ನೂಲುವಿಕೆ ಮತ್ತು ಪ್ರಾರ್ಥನೆಗಳಿಗೆ ಸೀಮಿತವಾಗಿತ್ತು. ವರ್ತಕರ ಮನೆಗಳಲ್ಲಿ ಕೆಲವರು ಇಟಾಲಿಯನ್ ಓದುವುದನ್ನೂ ಬರೆಯುವುದನ್ನೂ ಕಲಿಯುತ್ತಿದ್ದರು. ಲ್ಯಾಟಿನ್ ಪಾಠ ದೊರೆಯಲು ತಂದೆ ತಾಯಿಯರ ಒಲವು ಮತ್ತು ಖಾಸಗಿ ಗುರುವಿನ ನೆರವು ಅಗತ್ಯವಾಗಿದ್ದವು.

ಮಾನವತಾವಾದಿ ವಿದ್ವಾಂಸ ಲಿಯೊನಾರ್ಡೊ ಬ್ರೂನಿ 1420ರ ದಶಕದಲ್ಲಿ ಬತಿಸ್ತಾ ಮಲತೆಸ್ತಾ ಎಂಬ ಕುಲೀನ ಮಹಿಳೆಗೆ ಬರೆದ ಪತ್ರರೂಪದ ಪ್ರಬಂಧದಲ್ಲಿ ಧರ್ಮಗ್ರಂಥ, ನೀತಿಶಾಸ್ತ್ರ, ಇತಿಹಾಸ ಮತ್ತು ಕಾವ್ಯಗಳ ಅಧ್ಯಯನವನ್ನು ಶಿಫಾರಸು ಮಾಡಿದನು. ಆದರೆ ಸಾರ್ವಜನಿಕ ವಾಗ್ವಾದಕ್ಕೆ ಬೇಕಾದ ಭಾಷಣಕಲೆ ಮಹಿಳೆಗೆ ಉಪಯೋಗಕ್ಕೆ ಬಾರದು ಎಂಬುದು ಅವನ ಅಭಿಪ್ರಾಯವಾಗಿತ್ತು. ಮಾಂಟುವಾದಲ್ಲಿ ವಿತ್ತೊರಿನೊ ದ ಫೆಲ್ತ್ರೆ 1423ರಲ್ಲಿ ಆರಂಭಿಸಿದ ಶಾಲೆಯಲ್ಲಿ ಅರಸುಮನೆತನದ ಚೆಚೀಲಿಯಾ ಗೊನ್ಜಾಗಾ ತನ್ನ ಸಹೋದರರೊಂದಿಗೆ ಗ್ರೀಕ್ ಮತ್ತು ಲ್ಯಾಟಿನ್ ಕಲಿತಳು. ವಿವಾಹವನ್ನು ನಿರಾಕರಿಸಿದ ಅವಳು ತಂದೆಯ ಮರಣಾನಂತರ ಮಠವನ್ನು ಸೇರಿದಳು.

ಪ್ರಮುಖ ವಿದುಷಿಯರು

ಇಸೊತ್ತಾ ನೊಗರೋಲಾ (1418–1466): ವೆರೋನಾ ನಗರದವಳು. ವಿಧವೆಯಾಗಿದ್ದ ತಾಯಿಯು ಇವಳಿಗೂ ಸಹೋದರಿ ಜಿನೆವ್ರಾಳಿಗೂ ಖಾಸಗಿ ಗುರುವಿನಿಂದ ಲ್ಯಾಟಿನ್ ಪಾಠ ಹೇಳಿಸಿದಳು. ವಿವಾಹದ ನಂತರ ಜಿನೆವ್ರಾಳ ಅಧ್ಯಯನ ನಿಂತುಹೋಯಿತು. ಪ್ರಸಿದ್ಧ ವಿದ್ವಾಂಸ ಗ್ವಾರಿನೊನಿಗೆ ಇಸೊತ್ತಾ ಬರೆದ ಪತ್ರಕ್ಕೆ ಉತ್ತರ ಬಾರದೆ ಊರಿನಲ್ಲಿ ಅವಳು ಅಪಹಾಸ್ಯಕ್ಕೆ ಗುರಿಯಾದಳು. ಎರಡನೆಯ ಪತ್ರದ ನಂತರವೇ ಅವನು ಉತ್ತರಿಸಿದನು. ಹೆಸರು ಮರೆಸಿಕೊಂಡ ಒಬ್ಬನು ಅವಳ ಶೀಲದ ಮೇಲೂ ಆರೋಪ ಹೊರಿಸಿದನು. ಅವಿವಾಹಿತಳಾಗಿಯೇ ಉಳಿದು ಧಾರ್ಮಿಕ ಗ್ರಂಥಗಳ ಅಧ್ಯಯನಕ್ಕೆ ತೊಡಗಿದ ಇವಳು, ಆದಮ ಮತ್ತು ಹವ್ವರಲ್ಲಿ ಯಾರ ಪಾಪ ದೊಡ್ಡದು ಎಂಬ ವಿಷಯದ ಸಂವಾದದಲ್ಲಿ 1451ರಲ್ಲಿ ಹವ್ವಳ ಪರವಾಗಿ ವಾದಿಸಿದಳು.

ಕಸಾಂದ್ರಾ ಫೆದೇಲೆ (1465–1558): ವೆನಿಸ್ ನಗರದವಳು. 1487ರಲ್ಲಿ ಬಂಧುವೊಬ್ಬನ ಪದವಿ ಪ್ರದಾನದ ಸಂದರ್ಭದಲ್ಲಿ ಪಡುವಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷಣ ಮಾಡಿ ಖ್ಯಾತಳಾದಳು. ಆದರೆ ಅಲ್ಲಿ ವಿದ್ಯಾರ್ಥಿಯಾಗುವ ಅವಕಾಶ ಅವಳಿಗಿರಲಿಲ್ಲ. ವಿವಾಹಾನಂತರ ಅವಳ ಬರವಣಿಗೆ ವಿರಳವಾಯಿತು. ವಿಧವೆಯಾಗಿ ಬಡತನದಲ್ಲಿದ್ದ ಅವಳನ್ನು ಇಳಿವಯಸ್ಸಿನಲ್ಲಿ ವೆನಿಸ್ಸಿನ ಒಂದು ಅನಾಥಾಲಯದ ಮುಖ್ಯಸ್ಥೆಯನ್ನಾಗಿ ನೇಮಿಸಲಾಯಿತು.

ಲಾರಾ ಚೆರೇತಾ (1469–1499): ಬ್ರೆಶಿಯಾ ನಗರದವಳು. ಹದಿನೈದರ ವಯಸ್ಸಿನಲ್ಲಿ ಮದುವೆಯಾಗಿ, ಸುಮಾರು ಒಂದೂವರೆ ವರ್ಷದಲ್ಲಿ ಪತಿಯನ್ನು ಕಳೆದುಕೊಂಡಳು. ಹಗಲಿನ ಮನೆವಾರ್ತೆಯ ನಡುವೆ ಬಿಡುವಿಲ್ಲದೆ ರಾತ್ರಿಯ ಹೊತ್ತು ಓದುತ್ತಿದ್ದಳು. ವಿದ್ಯಾವಂತ ಹೆಣ್ಣನ್ನು ಅಪರೂಪದ ಸೋಜಿಗವೆಂದು ಹೊಗಳುವುದು ಉಳಿದ ಸ್ತ್ರೀಯರಿಗೆ ಮಾಡುವ ಅವಮಾನವೆಂದು 1488ರ ಪತ್ರವೊಂದರಲ್ಲಿ ಪ್ರತಿಪಾದಿಸಿದಳು. ವಿದ್ಯೆಯು ಜನ್ಮದಿಂದಲ್ಲ, ಆಯ್ಕೆ ಮತ್ತು ಪರಿಶ್ರಮದಿಂದ ಬರುತ್ತದೆ ಎಂಬುದು ಅವಳ ವಾದದ ತಿರುಳು. ಅವಳ ಪತ್ರಸಂಗ್ರಹ ಮುದ್ರಣಗೊಂಡದ್ದು 1640ರಲ್ಲಿ.

ಇತಿಹಾಸಕಾರರ ಅಭಿಪ್ರಾಯ

ಈ ಕಾಲದ ಇಟಲಿಯಲ್ಲಿ ಮಹಿಳೆಯರು ಪುರುಷರಿಗೆ ಸರಿಸಮಾನರಾಗಿದ್ದರೆಂದು ಯಾಕೊಬ್ ಬುರ್ಕ್‌ಹಾರ್ಟ್ 1860ರ ತನ್ನ ಗ್ರಂಥದಲ್ಲಿ ಹೇಳಿದ್ದನು. ಮಹಿಳೆಯರಿಗೆ ಪುನರುಜ್ಜೀವನವೆಂಬುದು ಇತ್ತೇ ಎಂದು ಅಮೆರಿಕದ ಇತಿಹಾಸಕಾರ್ತಿ ಜೋನ್ ಕೆಲ್ಲಿ 1977ರಲ್ಲಿ ಪ್ರಶ್ನಿಸಿ, ಪುರುಷರ ಅವಕಾಶಗಳು ಹಿಗ್ಗಿದಾಗ ಮಹಿಳೆಯರ ಅವಕಾಶಗಳು ಕುಗ್ಗಿದವೆಂದು ವಾದಿಸಿದರು. ನಂತರದ ಸಂಶೋಧಕರು ಈ ವಿದುಷಿಯರ ಪತ್ರ ಮತ್ತು ಭಾಷಣಗಳನ್ನು ಸಂಪಾದಿಸಿ ಅನುವಾದಿಸಿದ್ದಾರೆ. ಫೆದೇಲೆ ಭಾಷಣ ಮಾಡಿದ್ದ ಪಡುವಾ ವಿಶ್ವವಿದ್ಯಾಲಯವು ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬ ಮಹಿಳೆಗೆ ತತ್ತ್ವಶಾಸ್ತ್ರದ ಡಾಕ್ಟರೇಟ್ ನೀಡಿದ್ದು 1678ರಲ್ಲಿ, ಆ ಭಾಷಣ ನಡೆದ 191 ವರ್ಷಗಳ ನಂತರ.