ಮಕ್ಕಳ ದೇವಸ್ತುತಿ ಶಿಕ್ಷಣ: ಚಾಮರಾಜನಗರ–ಗುಂಡ್ಲುಪೇಟೆ ಪ್ರಾಂತ

ನಿದ್ರೆಯಿಂದ ಎದ್ದಾಗ, ಉಣಲು ಕುಳಿತಾಗ, ದೀಪ ಹಚ್ಚಿದಾಗ, ಮಲಗುವ ಮುನ್ನ ದೇವರನ್ನು ಸ್ತುತಿಸುವ ಅಭ್ಯಾಸವನ್ನು ಕ್ರೈಸ್ತ ಕುಟುಂಬಗಳು ಎಳೆಯರಲ್ಲಿ ಬೆಳೆಸುವ ಕ್ರಮವೇ ಮಕ್ಕಳ ದೇವಸ್ತುತಿ ಶಿಕ್ಷಣ. ಎಂಟನೆಯ ಕೀರ್ತನೆಯಲ್ಲಿ ಶಿಶುಗಳ ಬಾಯ ಸ್ತುತಿಗೆ ದೊರೆತ ಮನ್ನಣೆಯೂ, ದೇವಾಲಯದಲ್ಲಿ ಜಯಘೋಷ ಮಾಡಿದ ಬಾಲಕರನ್ನು ಯೇಸು ಅದೇ ಕೀರ್ತನೆಯ ಬಲದಿಂದ ಸಮರ್ಥಿಸಿದ ಪ್ರಸಂಗವೂ ಇದಕ್ಕೆ ಶಾಸ್ತ್ರಾಧಾರ. ಕರ್ತನ ಪ್ರಾರ್ಥನೆಯೇ ಅನ್ನವನ್ನು ಬೇಡುವುದಕ್ಕೆ ಮೊದಲು ದೇವನಾಮದ ಪಾವಿತ್ರ್ಯವನ್ನು ಹೇಳುವುದರಿಂದ, ಬೇಡುವುದಕ್ಕಿಂತ ಮುಂಚೆ ಕೊಂಡಾಡುವುದನ್ನು ಮಗುವಿಗೆ ಕಲಿಸಬೇಕೆಂಬುದು ಈ ಶಿಕ್ಷಣದ ತಿರುಳು.

ಚಾಮರಾಜನಗರ–ಗುಂಡ್ಲುಪೇಟೆ ಪ್ರಾಂತವಿರುವ ಕನ್ನಡ ನಾಡಿನ ದಕ್ಷಿಣ ಭಾಗದಲ್ಲಿ ಇದರ ಇತಿಹಾಸವು 17ನೆಯ ಶತಮಾನದ ನಡುಗಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ ಪಾದ್ರಿಯಿಂದ ಆರಂಭವಾಗುತ್ತದೆ. ಆತನು ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥವನ್ನು ರಚಿಸಿದನು; ಘಟ್ಟದ ಕೆಳಗಣ ಸತ್ಯಮಂಗಲದ ಕಡೆಗೂ ಯೇಸುಸಭೆಯ ಮಿಷನ್ನಿನ ಕಾರ್ಯವು ಹಬ್ಬಿತು. 1773ರಲ್ಲಿ ಯೇಸುಸಭೆಯು ರದ್ದಾದ ತರುವಾಯ ಪ್ಯಾರಿಸ್ ವಿದೇಶ ಮಿಷನ್ನಿನ ಪಾದ್ರಿಗಳು ಈ ಹೊಣೆಯನ್ನು ವಹಿಸಿಕೊಂಡರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಶ್ರಮಿಸಿದ ಅಬ್ಬೆ ದ್ಯುಬುವಾ ಈ ಪಾದ್ರಿಗಳಲ್ಲಿ ಪ್ರಸಿದ್ಧನು. ಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ, ಪಾದ್ರಿಯು ವಿರಳವಾಗಿ ಬರುವ ಹಳ್ಳಿಗಳಲ್ಲಿ, ಉಪದೇಶಿಯ ಬಾಯಿಪಾಠವೂ ಮನೆಯ ಹಿರಿಯರ ಜಪಸರವೂ ಮಕ್ಕಳಿಗೆ ಪಾಠಶಾಲೆಯಾಗಿದ್ದವು.

ಪ್ರಾಟೆಸ್ಟಂಟರ ಆಗಮನದಿಂದ ಈ ಶಿಕ್ಷಣಕ್ಕೆ ಮುದ್ರಿತ ಪುಸ್ತಕದ ಮತ್ತು ಹಾಡಿನ ಆಸರೆ ದೊರೆಯಿತು. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲು 1831ರಲ್ಲಿ ಸಿದ್ಧವಾಯಿತು. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿ, ಪರದೇಶದ ಧಾಟಿಗಳನ್ನು ಅವಲಂಬಿಸದೆ ಕನ್ನಡದ ಲಯದಲ್ಲಿಯೇ ಕ್ರಿಸ್ತನನ್ನು ಹಾಡಬಹುದೆಂದು ತೋರಿಸಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನು ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿತು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೈಕ್ಸ್ ಆರಂಭಿಸಿದ ಭಾನುವಾರ ಶಾಲೆಯ ಪದ್ಧತಿಗೆ, 1876ರಲ್ಲಿ ಸ್ಥಾಪಿತವಾದ ಭಾರತದ ಸಂಡೇಸ್ಕೂಲ್ ಯೂನಿಯನ್ನಿನಿಂದ ಈ ದೇಶದಲ್ಲಿ ವ್ಯವಸ್ಥಿತ ರೂಪ ಬಂದಿತು.

20ನೆಯ ಶತಮಾನದಲ್ಲಿ ಸಭಾವ್ಯವಸ್ಥೆಯು ಬದಲಾಯಿತು. ಈಗ ಚಾಮರಾಜನಗರ ಜಿಲ್ಲೆಯನ್ನೊಳಗೊಂಡಿರುವ ಮೈಸೂರು ಕಥೋಲಿಕ ಧರ್ಮಪ್ರಾಂತವು 1940ರಲ್ಲಿ ಬೆಂಗಳೂರಿನಿಂದ ಬೇರ್ಪಟ್ಟಿತು. ವೆಸ್ಲಿಯನ್ ಮಿಷನ್ನಿನಿಂದ ಬೆಳೆದ ಮೈಸೂರಿನ ಮೆಥೊಡಿಸ್ಟ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಕಥೋಲಿಕರ ಪೂಜೆಯೂ ದೇಶಭಾಷೆಗಳಿಗೆ ಬಂದುದರಿಂದ, ಮಗುವು ಮನೆಯಲ್ಲಾಡುವ ಮಾತಿಗೂ ದೇವಾಲಯದಲ್ಲಿ ಕೇಳುವ ಮಾತಿಗೂ ಇದ್ದ ಅಂತರವು ತಗ್ಗಿತು. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರಿನಲ್ಲಿ ಕಥೋಲಿಕ ಮನೆಗಳ ಮಾತು ತಮಿಳಾಗಿರುವುದರಿಂದ, ಜಿಲ್ಲೆಯ ಬಾಲಕರ ಸ್ತುತಿಯು ಕನ್ನಡವೊಂದಕ್ಕೇ ಸೀಮಿತವಲ್ಲ.

ಕ್ರೈಸ್ತರು ವಿರಳವಾಗಿರುವ ಈ ಪ್ರಾಂತದಲ್ಲಿ ಭಾನುವಾರದ ತರಗತಿಯೂ ಕ್ರಿಸ್ಮಸ್ಸಿನ ಗಾಯನವೂ ಮಕ್ಕಳಿಗೆ ಸಮುದಾಯದ ಅರಿವನ್ನು ನೀಡುತ್ತವೆಯಾದರೂ, ಅವು ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಒದಗುವಂಥವು. ದಿನದಿನದ ಶಿಕ್ಷಣವು ಮನೆಯ ಸಂಜೆಯ ಪ್ರಾರ್ಥನೆಯಲ್ಲಿಯೇ ನಡೆಯುತ್ತದೆ, ಅದರ ಮೊದಲ ಗುರುಗಳು ತಂದೆತಾಯಿಗಳೇ ಆಗಿದ್ದಾರೆ.